ಮಂದ ಬೆಳಕಿನಲ್ಲಿ ಛಾಯಾಗ್ರಹಣ: ಫ್ಲ್ಯಾಶ್ ಎಲ್ಲಿ ಬೇಕು, ಎಲ್ಲಿ ಬೇಡ



ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ನಾನು ಶಾಲೆಯ ಇತಿಹಾಸವನ್ನೋ ಕಾಸರಗೋಡಿನ ಕನ್ನಡದ ಸ್ಥಿತಿಗತಿಯನ್ನೋ ಕುರಿತು ಬರೆಯುವೆನೆಂದು ಅವರು ನಿರೀಕ್ಷಿಸಿದ್ದಿರಬೇಕು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ನಾನು ಆರಿಸಿಕೊಂಡದ್ದು ಡಿಜಿಟಲ್ ಕ್ಯಾಮರಾದಲ್ಲಿ ಮಂದ ಬೆಳಕಿನ ಚಿತ್ರಗಳನ್ನು ತೆಗೆಯುವ ವಿಧಾನವನ್ನು. ಉತ್ಸವದ ಸಂಚಿಕೆಗೆ ಇದು ಹೊಂದುವ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಕಾರಣವನ್ನು ಮೊದಲೇ ನಿವೇದಿಸಿಕೊಳ್ಳುತ್ತೇನೆ.

ಸಂಚಿಕೆಗಾಗಿ ಹಳೆಯ ಚಿತ್ರಗಳನ್ನು ಕಳುಹಿಸಿರೆಂದು ಸಮಿತಿಯವರು ಕೇಳಿಕೊಂಡಾಗ ನೂರಾರು ಚಿತ್ರಗಳು ಬಂದವು. ಹಗಲಿನಲ್ಲಿ ತೆಗೆದವು ಬಹುಮಟ್ಟಿಗೆ ಚೆನ್ನಾಗಿದ್ದವು. ಆದರೆ ನಮ್ಮ ಶಾಲೆಯ ಮುಖ್ಯ ಸಂಭ್ರಮಗಳೆಲ್ಲ ನಡೆದದ್ದು ರಾತ್ರಿಯಲ್ಲಿ. ವಾರ್ಷಿಕೋತ್ಸವ, ಮಕ್ಕಳ ಯಕ್ಷಗಾನ, ನಾಟಕ, ಬೀಳ್ಕೊಡುಗೆ ಇವುಗಳ ಚಿತ್ರಗಳಲ್ಲಿ ಮುಕ್ಕಾಲು ಪಾಲು ಅಚ್ಚಿಗೆ ಯೋಗ್ಯವಾಗಿರಲಿಲ್ಲ. ಕೆಲವು ಕಪ್ಪು, ಕೆಲವು ಸುಣ್ಣ ಬಳಿದಂತೆ ಬಿಳಿ, ಕೆಲವು ಅಲುಗಿ ಮಸುಕಾದವು. ಹಾಗೆ ಕೆಟ್ಟ ಚಿತ್ರಗಳ ಸಾಲಿನಲ್ಲಿ ನಾನೇ ತೆಗೆದ ನಲವತ್ತಾರು ಚಿತ್ರಗಳೂ ಇದ್ದವು.

ಜಟಾಯುವಿನ ಚಿತ್ರ

ಅದು 2005ರ ವಾರ್ಷಿಕೋತ್ಸವ. ಕೊಲ್ಲಿ ರಾಷ್ಟ್ರದಲ್ಲಿ ಉದ್ಯೋಗದಲ್ಲಿದ್ದ ಹಳೆ ವಿದ್ಯಾರ್ಥಿಯೊಬ್ಬನು ಶಾಲೆಗೆಂದು ಒಂದು ಸಣ್ಣ ಡಿಜಿಟಲ್ ಕ್ಯಾಮರಾವನ್ನು ಕೊಟ್ಟಿದ್ದನು. ಮುಖ್ಯೋಪಾಧ್ಯಾಯನೆಂಬ ಅಧಿಕಾರದಿಂದ ಅದನ್ನು ನಾನೇ ಕೈಗೆತ್ತಿಕೊಂಡೆ. ಅಂದು ಮಕ್ಕಳ 'ಜಟಾಯು ಮೋಕ್ಷ'. ಮಕ್ಕಳಿಗೆ ಹೆಜ್ಜೆ, ಅರ್ಥಗಾರಿಕೆಗಳನ್ನು ವರ್ಷಾನುವರ್ಷ ಕಲಿಸಿದ ನಮ್ಮ ಹಿರಿಯ ಅಧ್ಯಾಪಕರು ಎಂದೂ ಶಾಲೆಯ ರಂಗದಲ್ಲಿ ವೇಷ ಕಟ್ಟಿದವರಲ್ಲ. ಅವರು ಯಾವಾಗಲೂ ಚೌಕಿಯಲ್ಲಿ ಮಕ್ಕಳ ಮುಖಕ್ಕೆ ಬಣ್ಣ ಹಚ್ಚುತ್ತಲೋ ತೆರೆಯ ಮರೆಯಲ್ಲಿ ಮಾತು ನೆನಪಿಸುತ್ತಲೋ ಇರುತ್ತಿದ್ದರು. ಅಂದು ಸಂಜೆ ಜಟಾಯುವಿನ ಹುಡುಗನಿಗೆ ಜ್ವರ ಬಂದುದರಿಂದ ಬೇರೆ ದಾರಿ ಕಾಣದೆ ಅವರೇ ಗೆಜ್ಜೆ ಕಟ್ಟಿದರು. ಏಳನೆಯ ತರಗತಿಯ ರಾವಣನೆದುರು ಆ ಮುದಿ ಜಟಾಯು ರೆಕ್ಕೆ ಬಿಚ್ಚಿ ನಿಂತುದನ್ನು ಕಂಡವರು ಇಂದಿಗೂ ಮರೆತಿಲ್ಲ.

ಮುಂದಿನ ಸಾಲುಗಳಲ್ಲಿ ಅತಿಥಿಗಳೂ ತಾಯಂದಿರೂ ಕುಳಿತಿದ್ದರು. ಅವರ ಹಿಂದೆ ನಿಂತು, ಕ್ಯಾಮರಾವನ್ನು 'ಆಟೋ'ದಲ್ಲಿಟ್ಟು, ಝೂಮನ್ನು ಪೂರ್ತಿ ಎಳೆದು, ನಾನು ನಲವತ್ತಾರು ಬಾರಿ ಗುಂಡಿ ಒತ್ತಿದೆ. ಪ್ರತಿ ಬಾರಿಯೂ ಫ್ಲ್ಯಾಶ್ ಮಿಂಚಿತು. ಮಿಂಚಿದ ಮೇಲೆ ಚಿತ್ರ ಬಂದೇ ಬಂದಿರಬೇಕೆಂದು ನಂಬಿದೆ. ಮರುದಿನ ಕಂಪ್ಯೂಟರಿನಲ್ಲಿ ನೋಡಿದರೆ, ಮುಂದೆ ಕುಳಿತವರ ತಲೆಗಳು ಬೆಳ್ಳಗೆ, ಅದರಾಚೆ ಕತ್ತಲೆ. ಒಂದೆರಡರಲ್ಲಿ ಆಭರಣದ ಕನ್ನಡಿ ಚೂರುಗಳ ಮಿನುಗು ಮಾತ್ರ ಇತ್ತು. ಜಟಾಯು ಎಲ್ಲಿಯೂ ಇರಲಿಲ್ಲ.

ಮುಂದಿನ ವರ್ಷ ತೆಗೆದರಾಯಿತೆಂದುಕೊಂಡೆ. ಆ ಮುಂದಿನ ವರ್ಷ ಅವರಿಗೆ ವೇಷ ಕಟ್ಟುವ ಆರೋಗ್ಯ ಉಳಿದಿರಲಿಲ್ಲ. ಮತ್ತೊಂದು ವರ್ಷಕ್ಕೆ ಅವರೇ ಇರಲಿಲ್ಲ. ಈ ಸಂಚಿಕೆಯಲ್ಲಿ ನೀವು ಕಾಣುವ ಅವರ ಚಿತ್ರ ಸೇವಾ ಪುಸ್ತಕಕ್ಕೆ ಅಂಟಿಸಿದ್ದ ಅಂಚೆಚೀಟಿಯಷ್ಟಗಲದ ಚಿತ್ರ. ಅಂದು ಕ್ಯಾಮರಾ ನನ್ನ ಕೈಯಲ್ಲಿತ್ತು, ರಂಗದಲ್ಲಿ ದೀಪಗಳೂ ಇದ್ದವು. ಕೊರತೆಯಾದದ್ದು ನನ್ನ ತಿಳಿವಳಿಕೆ. ಪೇಟೆಯಲ್ಲಿ ಸ್ಟುಡಿಯೋ ನಡೆಸುತ್ತಿದ್ದ ನನ್ನ ಹಳೆಯ ಶಿಷ್ಯನೊಬ್ಬನು ಆ ಚಿತ್ರಗಳನ್ನು ನೋಡಿ, "ಮಾಸ್ಟ್ರೇ, ಫ್ಲ್ಯಾಶ್ ಹಾಕದಿದ್ದರೆ ಬರುತ್ತಿತ್ತು," ಎಂದನು. ಬೆಳಕು ಸಾಲದೆಡೆ ದೀಪ ಆರಿಸಿದರೆ ಚಿತ್ರ ಬರುತ್ತದೆಂಬ ಮಾತು ನನಗೆ ವಿಚಿತ್ರವಾಗಿ ಕೇಳಿಸಿತು. ಅದು ಹೇಗೆಂದು ಕಲಿಯಲು ತೊಡಗಿದವನು ನಿವೃತ್ತಿಯ ಬಳಿಕವೂ ಕಲಿಯುತ್ತಲೇ ಬಂದಿದ್ದೇನೆ. ಕಲಿತುದನ್ನು ನನ್ನ ಹಳೆಯ ಅಭ್ಯಾಸದಂತೆ ಪಾಠದ ರೂಪದಲ್ಲಿ ಇಲ್ಲಿ ಇಡುತ್ತೇನೆ.

ಫ್ಲ್ಯಾಶ್ ಬಂದ ಬಗೆ

ಕತ್ತಲೆಯಲ್ಲಿ ಚಿತ್ರ ತೆಗೆಯುವ ಹಂಬಲ ಛಾಯಾಗ್ರಹಣದಷ್ಟೇ ಹಳೆಯದು. 1887ರಲ್ಲಿ ಜರ್ಮನಿಯ ಆಡಾಲ್ಫ್ ಮೀಥ ಮತ್ತು ಯೋಹಾನೆಸ್ ಗೇಡಿಕೆ ಎಂಬವರು ಮೆಗ್ನೀಸಿಯಂ ಪುಡಿಗೆ ಬೇರೆ ರಾಸಾಯನಿಕಗಳನ್ನು ಬೆರೆಸಿ ಮಿಂಚುಪುಡಿಯನ್ನು ತಯಾರಿಸಿದರು. ಪ್ರಖರ ಬೆಳಕಿನೊಂದಿಗೆ ದಟ್ಟ ಹೊಗೆಯೂ ಬೆಂಕಿಯ ಅಪಾಯವೂ ಅದರ ಜೊತೆಗಿದ್ದವು. ಅಮೇರಿಕದ ಜೇಕಬ್ ರೀಸ್ ಈ ಪುಡಿಯನ್ನು ಬಳಸಿ ನ್ಯೂಯಾರ್ಕಿನ ಬಡವರ ಕತ್ತಲೆ ಕೋಣೆಗಳ ಚಿತ್ರಗಳನ್ನು ತೆಗೆದು, 1890ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಅನಂತರ ಒಂದು ಬಾರಿ ಮಾತ್ರ ಉರಿಯುವ ಫ್ಲ್ಯಾಶ್ ಬಲ್ಬುಗಳು ಬಂದವು. 1930ರ ದಶಕದಲ್ಲಿ ಅಮೇರಿಕದ ಹೆರಾಲ್ಡ್ ಎಡ್ಜರ್ಟನ್ ಅವರು ಅನಿಲ ತುಂಬಿದ ನಳಿಕೆಯಲ್ಲಿ ವಿದ್ಯುತ್ತನ್ನು ಹಾಯಿಸಿ, ಮತ್ತೆ ಮತ್ತೆ ಮಿಂಚಿಸಬಲ್ಲ ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ಬೆಳೆಸಿದರು. ಇಂದಿನ ಕ್ಯಾಮರಾಗಳಲ್ಲಿರುವುದು ಈ ಜಾತಿಯದೇ.

ಡಿಜಿಟಲ್ ಕ್ಯಾಮರಾ 1975ರ ಕೂಸು. ಕೊಡಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ರಚಿಸಿದ ಮೊದಲ ಮಾದರಿ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡುಗಳನ್ನು ತೆಗೆದುಕೊಳ್ಳುತ್ತಿತ್ತು. ಫಿಲ್ಮಿನ ಕಾಲದಲ್ಲಿ 36 ಚಿತ್ರಗಳು ಮುಗಿದು, ತೊಳೆದು ಬಂದ ಮೇಲೆಯೇ ತಪ್ಪು ತಿಳಿಯುತ್ತಿತ್ತು. ಈಗ ತಪ್ಪು ಮರುಕ್ಷಣದಲ್ಲಿ ಬೆನ್ನಿನ ಪರದೆಯಲ್ಲಿ ಕಾಣುತ್ತದೆ. ನಾನು ಅಂದು ಒಂದು ಸಲ ಆ ಪರದೆಯನ್ನು ನೋಡಿದ್ದರೂ ಸಾಕಿತ್ತು.

ಮೊದಲನೆಯ ಪಾಠ: ದೂರದ ಲೆಕ್ಕ

ಒಂದು ಹಿಡಿ ಭತ್ತದ ಬೀಜವನ್ನು ಒಂದು ಕೋಲು ಉದ್ದ, ಒಂದು ಕೋಲು ಅಗಲದ ನೆಲದಲ್ಲಿ ಚೆಲ್ಲಿದರೆ ದಟ್ಟವಾಗಿ ಬೀಳುತ್ತದೆ. ಅದೇ ಹಿಡಿಯನ್ನು ಎರಡು ಕೋಲು ಉದ್ದಗಲದ ನೆಲದಲ್ಲಿ ಚೆಲ್ಲಿದರೆ ಕಾಲು ಪಾಲು ದಟ್ಟಣೆ. ಫ್ಲ್ಯಾಶಿನ ಬೆಳಕಿನ ನಿಯಮವೂ ಇದೇ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೆಯ ಒಂದು. ನಾಲ್ಕು ಪಟ್ಟಾದರೆ ಹದಿನಾರನೆಯ ಒಂದು. ಎಂಟು ಪಟ್ಟಾದರೆ ಅರುವತ್ತನಾಲ್ಕನೆಯ ಒಂದು.

ಅಂದು ನನ್ನ ಮುಂದಿದ್ದ ತಲೆಗಳು ಸುಮಾರು 2 ಮೀಟರ್ ದೂರದಲ್ಲಿದ್ದವು, ಜಟಾಯು ಸುಮಾರು 16 ಮೀಟರ್ ದೂರದಲ್ಲಿದ್ದನು. ತಲೆಗೆ 64 ಪಾಲು ಬೆಳಕು ಬಿದ್ದಾಗ ಜಟಾಯುವಿಗೆ ಒಂದು ಪಾಲು. ಏಳನೆಯ ತರಗತಿಯ ಗಣಿತವನ್ನು ಕಲಿಸಿದವನಿಗೆ ಈ ಲೆಕ್ಕ ಹೊಳೆಯದೆ ಹೋಯಿತು.

ಫ್ಲ್ಯಾಶಿನ ಶಕ್ತಿಯನ್ನು 'ಗೈಡ್ ನಂಬರ್' ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಕ್ಯಾಮರಾದ ಕೈಪಿಡಿಯಲ್ಲಿ ಅದು ಇರುತ್ತದೆ. ಅದನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ತಲುಪುವ ದೂರ ಸಿಗುತ್ತದೆ. ಸಂಖ್ಯೆ 12, ಎಫ್ 4 ಆದರೆ, ಐಎಸ್‌ಒ 100ರಲ್ಲಿ ಬೆಳಕು 3 ಮೀಟರ್ ತಲುಪುತ್ತದೆ. ಐಎಸ್‌ಒ 400ಕ್ಕೇರಿಸಿದರೆ ದೂರ ಎರಡು ಪಟ್ಟು, ಅಂದರೆ 6 ಮೀಟರ್. ಐಎಸ್‌ಒ 1600ರಲ್ಲಿ 12 ಮೀಟರ್. ಕ್ಯಾಮರಾದಲ್ಲೇ ಹುದುಗಿರುವ ಸಣ್ಣ ಫ್ಲ್ಯಾಶ್ ಸಾಮಾನ್ಯವಾಗಿ ಒಂದು ಕೋಣೆಯೊಳಗಿನ ಕೆಲಸಕ್ಕೆ ತಕ್ಕದ್ದು, ಶಾಲಾ ಮೈದಾನಕ್ಕೆ ಅಲ್ಲ.

ಇನ್ನೊಂದು ಕೆಡುಕೂ ಇದೆ. ಆಟೋದಲ್ಲಿ ಫ್ಲ್ಯಾಶ್ ಏಳುತ್ತಲೇ ಕ್ಯಾಮರಾ ಅದನ್ನೇ ನಂಬಿ, ಚಿತ್ರ ತೆಗೆಯುವ ಅವಧಿಯನ್ನು ಸುಮಾರು 1/60 ಸೆಕೆಂಡಿಗೆ ನಿಲ್ಲಿಸಿ, ಐಎಸ್‌ಒ ಅನ್ನೂ ತಗ್ಗಿಸಿಕೊಳ್ಳುತ್ತದೆ. ಹಾಗಾಗಿ ರಂಗದಲ್ಲಿ ಮೊದಲೇ ಇದ್ದ ಬೆಳಕೂ ಚಿತ್ರದಲ್ಲಿ ಮೂಡುವುದಿಲ್ಲ. ನನ್ನ ಶಿಷ್ಯನ ಮಾತಿನ ಅರ್ಥ ಇದು. ಅಂದು ಫ್ಲ್ಯಾಶನ್ನು ಆರಿಸಿ, ರಂಗದ ಮಗ್ಗುಲಿಗೆ ಹೋಗಿ, ಝೂಮ್ ಎಳೆಯದೆ, ಆ ಕ್ಯಾಮರಾದಲ್ಲಿದ್ದ ಐಎಸ್‌ಒ 400ರಲ್ಲಿಯೇ ತೆಗೆದಿದ್ದರೆ, ಜಟಾಯು ರೆಕ್ಕೆ ಬಿಚ್ಚಿ ಅಲುಗದೆ ನಿಂತ ಆ ಕ್ಷಣವಾದರೂ ಉಳಿಯುತ್ತಿತ್ತು.

ಎರಡನೆಯ ಪಾಠ: ಸುರಂಗದ ನೀರು

ಫ್ಲ್ಯಾಶ್ ಆರಿಸಿದ ಮೇಲೆ ಇದ್ದ ಬೆಳಕನ್ನೇ ಕೂಡಿಸಿಕೊಳ್ಳಬೇಕು. ಇದನ್ನು ನಮ್ಮೂರವರಿಗೆ ವಿವರಿಸಲು ಸುರಂಗಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗದಿಂದ ಬೇಸಗೆಯಲ್ಲಿ ನೀರು ಬೆರಳು ಗಾತ್ರಕ್ಕೆ ಹರಿಯುತ್ತದೆ. ಕೊಡ ತುಂಬಬೇಕಾದರೆ ನೀರು ಬರುವ ದಾರಿಯನ್ನು ಅಗಲಿಸಬೇಕು, ಅಥವಾ ಹೆಚ್ಚು ಹೊತ್ತು ಕಾಯಬೇಕು, ಅಥವಾ ಕೊಡವನ್ನು ಬಿಟ್ಟು ಚೊಂಬನ್ನು ಹಿಡಿಯಬೇಕು. ಮಂದ ಬೆಳಕೆಂದರೆ ಬೇಸಗೆಯ ಸುರಂಗ. ಕ್ಯಾಮರಾದಲ್ಲಿಯೂ ಇವೇ ಮೂರು ಉಪಾಯಗಳು.

ದಾರಿಯ ಅಗಲವೇ ದ್ಯುತಿರಂಧ್ರ, ಅಂದರೆ ಮಸೂರದೊಳಗಿನ ತೂತು. ಇದನ್ನು ಎಫ್ 2.8, 4, 5.6, 8 ಎಂದು ಗುರುತಿಸುತ್ತಾರೆ. ಸಂಖ್ಯೆ ಕಿರಿದಾದಷ್ಟೂ ತೂತು ಹಿರಿದು ಎಂಬುದನ್ನು ಮರೆಯಬಾರದು. ಒಂದೊಂದು ಮೆಟ್ಟಿಲಿಗೆ ಬೆಳಕು ಅರ್ಧವಾಗುತ್ತದೆ. ಸಾಮಾನ್ಯ ಝೂಮ್ ಮಸೂರಗಳಲ್ಲಿ ಝೂಮ್ ಎಳೆದಷ್ಟೂ ಬೆಳಕು ಬರುವ ದಾರಿ ಕಿರಿದಾಗುತ್ತದೆ. ಆದುದರಿಂದ ರಾತ್ರಿಯಲ್ಲಿ ಝೂಮಿಗಿಂತ ನಮ್ಮ ಕಾಲುಗಳೇ ಮೇಲು.

ಕಾಯುವ ಹೊತ್ತೇ ಷಟರ್ ವೇಗ. 1/125 ಸೆಕೆಂಡಿಗಿಂತ 1/60ರಲ್ಲಿ ಎರಡರಷ್ಟು ಬೆಳಕು ಸೇರುತ್ತದೆ. ಆದರೆ ಹೊತ್ತು ಹೆಚ್ಚಿದಂತೆ ಕೈಯ ನಡುಕವೂ ಚಿತ್ರದಲ್ಲಿ ಸೇರಿಕೊಳ್ಳುತ್ತದೆ. ಮಸೂರದ ನಾಭಿದೂರ ಎಷ್ಟು ಮಿಲಿಮೀಟರೋ ಸೆಕೆಂಡಿನ ಅಷ್ಟನೆಯ ಒಂದು ಭಾಗಕ್ಕಿಂತ ನಿಧಾನವಾಗಿ ಕೈಯಲ್ಲಿ ಹಿಡಿದು ತೆಗೆಯಬಾರದೆಂಬುದು ಫಿಲ್ಮ್ ಕಾಲದ ನಿಯಮ: 50 ಮಿಲಿಮೀಟರಿಗೆ 1/50, 200ಕ್ಕೆ 1/200. ನಡುಕವನ್ನು ತಡೆಯುವ ವ್ಯವಸ್ಥೆ ಇಂದಿನ ಅನೇಕ ಕ್ಯಾಮರಾಗಳಲ್ಲಿದೆ. ಅದು ನಮ್ಮ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಕುಣಿಯುವ ವೇಷಧಾರಿಯನ್ನು ನಿಲ್ಲಿಸಲಾರದು.

ಕೊಡದ ಬದಲು ಚೊಂಬು ಹಿಡಿಯುವುದೇ ಐಎಸ್‌ಒ ಏರಿಸುವುದು. ಸ್ವಲ್ಪ ಬೆಳಕಿನಲ್ಲಿಯೇ ಚಿತ್ರ ತುಂಬಿದಂತೆ ಕಾಣುತ್ತದೆ. ಆದರೆ ನಿಜವಾಗಿ ಸಿಕ್ಕಿದ ಬೆಳಕು ಕಡಿಮೆಯಾದ್ದರಿಂದ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಳುಕಾಳು ಕಾಣಿಸಿಕೊಳ್ಳುತ್ತದೆ. ಇದಕ್ಕೆ ಅಂಜಬೇಕಾಗಿಲ್ಲ. ಕಾಳುಕಾಳಾದ ಮುಖವನ್ನು ಗುರುತಿಸಬಹುದು. ಅಲುಗಿ ಕಲಸಿದ ಮುಖವನ್ನು ಯಾವ ಯಂತ್ರವೂ ಸರಿಪಡಿಸಿಕೊಡಲಾರದು. ರಾತ್ರಿ ಐಎಸ್‌ಒ 1600, 3200ಕ್ಕೆ ಏರಿಸಲು ಹಿಂಜರಿಯಬೇಡಿರಿ.

ಮೂರನೆಯ ಪಾಠ: ರಂಗಸ್ಥಳದ ಮುಂದೆ

ಯಕ್ಷಗಾನದ ವೇಷಗಳು ರೂಪುಗೊಂಡದ್ದು ದೊಂದಿಯ ಬೆಳಕಿನಲ್ಲಿ. ಆಮೇಲೆ ಗ್ಯಾಸ್‌ಲೈಟು ಬಂದಿತು, ಅನಂತರ ವಿದ್ಯುದ್ದೀಪ. ಅಲುಗುವ ಮಂದ ಜ್ವಾಲೆಯಲ್ಲಿಯೂ ದೂರದವರಿಗೆ ಕಾಣಲೆಂದು ಮುಖದ ಗೆರೆಗಳು ದಪ್ಪ, ಬಣ್ಣಗಳು ಗಾಢ, ಕಿರೀಟ ಆಭರಣಗಳಲ್ಲಿ ಹೊಳಪು. ಅಂತಹ ಮುಖದ ಮೇಲೆ ಎದುರಿನಿಂದ ಫ್ಲ್ಯಾಶ್ ಹೊಡೆದರೆ ಬಣ್ಣದ ವೇಷದ ಚುಟ್ಟಿ ಸುಣ್ಣದ ಉಂಡೆಯಂತಾಗುತ್ತದೆ, ಕನ್ನಡಿ ಚೂರುಗಳು ಕಣ್ಣು ಕುಕ್ಕುತ್ತವೆ, ಕೆನ್ನೆಯ ಉಬ್ಬುತಗ್ಗುಗಳು ಅಳಿದು ಮುಖ ಹಲಗೆಯಾಗುತ್ತದೆ. ಧಿಗಿಣ ಹಾರುತ್ತಿರುವ ಬಾಲಕನ ಕಣ್ಣಿಗೆ ಬೆಳಕು ಹೊಡೆದರೆ ಅವನು ಹೆಜ್ಜೆ ತಪ್ಪಲೂಬಹುದು. ಕೋಲ, ತೆಯ್ಯಂ, ದೇವಸ್ಥಾನಗಳಲ್ಲಿಯಂತೂ ಚಿತ್ರ ತೆಗೆಯಬಹುದೇ ಎಂದು ಹಿರಿಯರನ್ನು ಕೇಳಿಯೇ ಮುಂದುವರಿಯತಕ್ಕದ್ದು.

ಶಾಲೆಯ ರಂಗಕ್ಕೆ ನನ್ನ ಆರಂಭದ ಲೆಕ್ಕ ಹೀಗಿದೆ. ಫ್ಲ್ಯಾಶ್ ಚಿಹ್ನೆಯ ಮೇಲೆ ಅಡ್ಡಗೆರೆ ಬರುವಂತೆ ಅದನ್ನು ಆರಿಸುವುದು. ಐಎಸ್‌ಒ 1600. ಮಸೂರದಲ್ಲಿ ಸಿಗುವ ಅತಿ ಕಿರಿಯ ಎಫ್ ಸಂಖ್ಯೆ. ಷಟರ್ 1/125. ಒಂದು ಚಿತ್ರ ತೆಗೆದು ಪರದೆಯಲ್ಲಿ ಮುಖವನ್ನು ದೊಡ್ಡದು ಮಾಡಿ ನೋಡುವುದು. ಕಪ್ಪಾಗಿದ್ದರೆ ಐಎಸ್‌ಒ 3200, ಬೆಳ್ಳಗಾಗಿದ್ದರೆ 800. ಧಿಗಿಣಕ್ಕೆ 1/125 ಸಾಲದು. 1/250 ಅಥವಾ 1/500 ಬೇಕು, ಅದಕ್ಕೆ ತಕ್ಕಂತೆ ಐಎಸ್‌ಒ ಏರಿಸಬೇಕು. ಒಡ್ಡೋಲಗದಲ್ಲಿ ಕುಳಿತ ವೇಷಕ್ಕಾಗಲಿ ಹಾಡುವ ಭಾಗವತರಿಗಾಗಲಿ 1/60 ಸಾಕು. ಕುಣಿತದ ನಡುವೆಯೂ ವೇಷಧಾರಿ ತಾಳದ ಕೊನೆಗೆ ಒಂದು ಕ್ಷಣ ನಿಲ್ಲುತ್ತಾನೆ. ಚೆಂಡೆಯ ಪೆಟ್ಟನ್ನು ಕೇಳಿ ಬೆಳೆದ ನಮ್ಮವರಿಗೆ ಆ ನಿಲುಗಡೆ ಮೊದಲೇ ತಿಳಿಯುತ್ತದೆ. ಗುಂಡಿ ಒತ್ತಬೇಕಾದದ್ದು ಆಗ.

ಇಲ್ಲಿ ಮೂರು ತೊಡಕುಗಳಿವೆ. ಒಂದು, ರಂಗದ ಸುತ್ತಲಿನ ಕತ್ತಲೆಯನ್ನೂ ಲೆಕ್ಕಕ್ಕೆ ಹಿಡಿದು ಕ್ಯಾಮರಾ ಚಿತ್ರವನ್ನು ಅತಿಯಾಗಿ ಬೆಳಗಿಸುತ್ತದೆ, ಮುಖ ಬಿಳಿಚುತ್ತದೆ. ಕೂಡು-ಕಳೆ ಚಿಹ್ನೆಯ ಗುಂಡಿಯಿಂದ ಒಂದು ಮೆಟ್ಟಿಲು ಕಳೆಯಬೇಕು. ಎರಡು, ಕತ್ತಲೆಯಲ್ಲಿ ಕ್ಯಾಮರಾಕ್ಕೆ ಫೋಕಸ್ ಸಿಗದೆ ಮಸೂರ ಹಿಂದೆ ಮುಂದೆ ಓಡಾಡುತ್ತದೆ. ಬಣ್ಣ ಬಣ್ಣ ಸೇರುವ ಗೆರೆಯ ಮೇಲೆ, ಅಂದರೆ ಕಿರೀಟದ ಅಂಚಿನಲ್ಲೋ ಹಣೆಯ ನಾಮದಲ್ಲೋ, ಗುರಿಯಿಟ್ಟರೆ ಬೇಗ ಸಿಗುತ್ತದೆ. ಮೂರು, ಕೆಲವು ಎಲ್‌ಇಡಿ ದೀಪಗಳು ನಮ್ಮ ಕಣ್ಣಿಗೆ ಕಾಣದಂತೆ ಮಿಣುಕುತ್ತವೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಗಳದಾದ್ದರಿಂದ ಮಿಣುಕು ಸಾಮಾನ್ಯವಾಗಿ 100 ಬಾರಿ. ಚಿತ್ರದಲ್ಲಿ ಅಡ್ಡ ಪಟ್ಟಿಗಳು ಕಂಡರೆ ಷಟರನ್ನು 1/100ಕ್ಕೋ 1/50ಕ್ಕೋ ಇಟ್ಟು ನೋಡಿರಿ.

ಬಣ್ಣದ ವಿಚಾರವನ್ನೂ ಹೇಳಬೇಕು. ಹಳೆಯ ಬಲ್ಬಿನ ಬೆಳಕು ಹಳದಿಗೆಂಪು, ಹಗಲಿನ ಬೆಳಕು ಬಿಳಿ. ನಮ್ಮ ಕಣ್ಣು ತಾನೇ ಹೊಂದಿಕೊಳ್ಳುತ್ತದೆ, ಕ್ಯಾಮರಾಕ್ಕೆ 'ವೈಟ್ ಬ್ಯಾಲೆನ್ಸ್' ಎಂಬಲ್ಲಿ ಬಲ್ಬಿನ ಚಿಹ್ನೆಯನ್ನು ತೋರಿಸಿ ಹೇಳಬೇಕಾಗುತ್ತದೆ. ಆದರೆ ಹಣತೆ, ದೊಂದಿಗಳ ಚಿತ್ರದಲ್ಲಿ ಆ ಹಳದಿಯನ್ನು ಪೂರ್ತಿ ತೆಗೆಯಬಾರದು. ತೆಗೆದರೆ ಅದು ದೀಪದ ಬೆಳಕೆಂದು ಯಾರಿಗೂ ಅನ್ನಿಸದು.

ನಾಲ್ಕನೆಯ ಪಾಠ: ದೀಪೋತ್ಸವ ಮತ್ತು ಮುಕ್ಕಾಲಿ

ಸರಸ್ವತಿ ಪೂಜೆಯ ದಿನ ಹಣತೆಯೆದುರು ಕುಳಿತ ಮಗುವಿನ ಚಿತ್ರಕ್ಕೆ ಐಎಸ್‌ಒ 1600, ಎಫ್ 2.8, 1/30 ಸೆಕೆಂಡು ಸುಮಾರಾಗಿ ಹೊಂದುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಗೋಡೆಗೋ ಕಂಬಕ್ಕೋ ಒರಗಿ, ಉಸಿರು ಬಿಟ್ಟು ಅರೆಕ್ಷಣ ನಿಲ್ಲಿಸಿ ಗುಂಡಿಯನ್ನು ಮೆತ್ತಗೆ ಒತ್ತಿರಿ.

ದೀಪಾಲಂಕಾರ ಮಾಡಿದ ಶಾಲೆಯ ಕಟ್ಟಡದ ಚಿತ್ರಕ್ಕೆ ಮುಕ್ಕಾಲಿ, ಅಂದರೆ ಟ್ರೈಪಾಡ್, ಬೇಕು. ಇಲ್ಲದಿದ್ದರೆ ಬೆಂಚಿನ ಮೇಲೆ ಅಕ್ಕಿಯ ಸಣ್ಣ ಚೀಲವಿಟ್ಟು ಅದರಲ್ಲಿ ಕ್ಯಾಮರಾವನ್ನು ಹುದುಗಿಸಿರಿ. ಐಎಸ್‌ಒ 100, ಎಫ್ 8, ಷಟರ್ 4 ಸೆಕೆಂಡಿನಿಂದ ಆರಂಭಿಸಿ, 2, 8 ಸೆಕೆಂಡುಗಳಲ್ಲಿಯೂ ತೆಗೆದು ಒಳ್ಳೆಯದನ್ನು ಆರಿಸಿಕೊಳ್ಳಿರಿ. ಬೆರಳಿನ ಒತ್ತಡಕ್ಕೂ ಕ್ಯಾಮರಾ ಅಲುಗುವುದರಿಂದ ಎರಡು ಸೆಕೆಂಡಿನ ಸ್ವಯಂಚಾಲಕವನ್ನು ಬಳಸಬೇಕು. ಕಗ್ಗತ್ತಲೆಯ ತನಕ ಕಾಯದೆ, ಸೂರ್ಯ ಮುಳುಗಿ ಕಾಲು ಗಂಟೆ ಇಪ್ಪತ್ತು ನಿಮಿಷಗಳಲ್ಲಿ, ಆಕಾಶದಲ್ಲಿ ನೀಲಿ ಉಳಿದಿರುವಾಗಲೇ ತೆಗೆದರೆ ಕಟ್ಟಡದ ಮಾಡಿನ ಅಂಚೂ ಹಿಂದಿನ ತೆಂಗಿನ ಮರಗಳೂ ಸ್ಪಷ್ಟವಾಗಿ ಕಾಣುತ್ತವೆ.

ಐದನೆಯ ಪಾಠ: ಫ್ಲ್ಯಾಶ್ ಬೇಕಾದ ಸಂದರ್ಭಗಳು

ಇಷ್ಟು ದೂರಿದ ಮೇಲೆ ಫ್ಲ್ಯಾಶಿಗೂ ನ್ಯಾಯ ಸಲ್ಲಬೇಕು. ಆಶ್ಚರ್ಯವೆಂದರೆ ಅದು ಹೆಚ್ಚು ಉಪಕರಿಸುವುದು ಹಗಲಿನಲ್ಲಿ. ಜಗಲಿಯಲ್ಲಿ ಮಕ್ಕಳನ್ನು ನಿಲ್ಲಿಸಿ ಗುಂಪು ಚಿತ್ರ ತೆಗೆಯುವಾಗ ಹಿಂದೆ ಬಿಸಿಲಿದ್ದರೆ ಮುಖಗಳು ಕಪ್ಪಾಗುತ್ತವೆ. ಆಗ 3 ಮೀಟರಿನೊಳಗೆ ನಿಂತು, ಫ್ಲ್ಯಾಶಿನ ಬಲವನ್ನು ಒಂದು ಮೆಟ್ಟಿಲು ತಗ್ಗಿಸಿ ಹಾಕಿದರೆ ಮುಖಕ್ಕೂ ಬಿಸಿಲಿಗೂ ಸಮತೋಲ ಬರುತ್ತದೆ. ಷಟರ್ ಮಾತ್ರ ಕ್ಯಾಮರಾ ಸೂಚಿಸುವ ಮಿತಿಯನ್ನು ದಾಟಬಾರದು. ಅನೇಕ ಕ್ಯಾಮರಾಗಳಲ್ಲಿ ಅದು 1/200 ಅಥವಾ 1/250. ದಾಟಿದರೆ ಚಿತ್ರದ ಒಂದು ಭಾಗ ಕಪ್ಪಾಗಿ ಬರುತ್ತದೆ.

ರಾತ್ರಿಯಲ್ಲಿ ಹತ್ತಿರದವರ ಚಿತ್ರಕ್ಕೆ 'ಸ್ಲೋ' ಎಂಬ ಗುರುತಿನ ಫ್ಲ್ಯಾಶನ್ನು ಆರಿಸಿಕೊಂಡರೆ, ಫ್ಲ್ಯಾಶ್ ಮುಖವನ್ನು ಬೆಳಗಿಸುತ್ತದೆ, ನಿಧಾನವಾದ ಷಟರ್ ಹಿಂದಿನ ದೀಪಾಲಂಕಾರವನ್ನು ಹಿಡಿಯುತ್ತದೆ. ನಿಂತವರು ಫ್ಲ್ಯಾಶ್ ಮಿಂಚಿದ ಮೇಲೂ ಒಂದು ಕ್ಷಣ ಅಲುಗಬಾರದೆಂದು ಮೊದಲೇ ಹೇಳಿರಬೇಕು.

ಚಿತ್ರದಲ್ಲಿ ಕಣ್ಣು ಕೆಂಪಾಗುವುದಕ್ಕೆ ಕಾರಣವಿದೆ. ಕತ್ತಲೆಯಲ್ಲಿ ಕಣ್ಣಿನ ಪಾಪೆ ಅಗಲವಾಗಿರುತ್ತದೆ. ಮಸೂರದ ಪಕ್ಕದಲ್ಲಿಯೇ ಇರುವ ಫ್ಲ್ಯಾಶಿನ ಬೆಳಕು ನೇರವಾಗಿ ಒಳಹೊಕ್ಕು, ಕಣ್ಣಿನ ಹಿಂಭಾಗದ ರಕ್ತನಾಳಗಳ ಕೆಂಪನ್ನು ಹೊತ್ತು ಮರಳುತ್ತದೆ. ಕೋಣೆಯ ದೀಪಗಳನ್ನೆಲ್ಲ ಹಾಕಿಸಿದರೆ ಪಾಪೆ ಕಿರಿದಾಗಿ ಕೆಂಪು ತಗ್ಗುತ್ತದೆ. ಕನ್ನಡಕ ಧರಿಸಿದವರು ಗಲ್ಲವನ್ನು ತುಸು ತಗ್ಗಿಸಿದರೆ ಗಾಜಿನ ಹೊಳಪು ತಪ್ಪುತ್ತದೆ.

ಪ್ರತ್ಯೇಕ ಫ್ಲ್ಯಾಶ್ ಉಳ್ಳವರು ಅದರ ಮುಖವನ್ನು ಮೇಲಕ್ಕೆ ತಿರುಗಿಸಿ, ಛಾವಣಿಗೆ ಬಡಿದು ಬರುವ ಮೃದು ಬೆಳಕಿನಲ್ಲಿ ಚಿತ್ರ ತೆಗೆಯುತ್ತಾರೆ. ಬಿಳಿ ಸುಣ್ಣದ ಕಾಂಕ್ರೀಟು ಛಾವಣಿಯಿದ್ದರೆ ಇದು ಉತ್ತಮ ವಿಧಾನ. ನಮ್ಮ ಹಳೆಯ ಕಟ್ಟಡದ ಹೆಂಚಿನ ಮಾಡಿನಡಿಯಲ್ಲಿ ಮಾತ್ರ ಇದು ನಡೆಯದು. ಮಾಡು ಎತ್ತರ, ಪಕ್ಕಾಸುಗಳು ಕಪ್ಪು, ಹೆಂಚು ಕೆಂಪು. ಬೆಳಕು ಅರ್ಧ ದಾರಿಯಲ್ಲಿ ಕಳೆದುಹೋಗಿ, ಉಳಿದದ್ದು ಕೆಂಪಾಗಿ ಬರುತ್ತದೆ. ಅಲ್ಲಿ ಸುಣ್ಣದ ಗೋಡೆಗೆ ತಿರುಗಿಸುವುದು ಲೇಸು.

ಮಳೆಗಾಲದಲ್ಲಿ ಫ್ಲ್ಯಾಶ್ ಹಾಕಿದಾಗ ಬಿಳಿ ಬಿಳಿ ಚೆಂಡುಗಳು ತೇಲಿದಂತೆ ಕಂಡರೆ ಹೆದರಬೇಡಿರಿ, ಅದು ಯಾವ ಪ್ರೇತವೂ ಅಲ್ಲ. ಮಸೂರದ ಹತ್ತಿರವಿದ್ದ ಹನಿಗಳೋ ಧೂಳಿನ ಕಣಗಳೋ ಫ್ಲ್ಯಾಶಿನ ಬೆಳಕನ್ನು ಹಿಂದಿರುಗಿಸಿದ್ದು ಅಷ್ಟೆ.

ಮೊಬೈಲ್ ಫೋನಿನವರಿಗೆ

ಇಂದು ಹೆಚ್ಚಿನವರ ಕ್ಯಾಮರಾ ಮೊಬೈಲ್ ಫೋನೇ. ಅದರ ದೀಪ ಸಣ್ಣ ಎಲ್‌ಇಡಿ, ಕೈಯಳತೆಯ ದೂರದಾಚೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಸಭೆಯಲ್ಲಿ ಅದನ್ನು ಆರಿಸಿಯೇ ಇಡಿರಿ. 'ನೈಟ್' ವಿಧಾನದಲ್ಲಿ ಫೋನು ಹಲವು ಚಿತ್ರಗಳನ್ನು ಒಂದರ ಮೇಲೊಂದು ಸೇರಿಸಿ ಒಂದನ್ನಾಗಿಸುತ್ತದೆ. ನಿಂತ ಕಟ್ಟಡಕ್ಕೂ ಕುಳಿತ ಅಜ್ಜಿಗೂ ಅದು ಒಳ್ಳೆಯದು, ಕುಣಿಯುವ ವೇಷಕ್ಕೆ ಅಲ್ಲ. ಪರದೆಯಲ್ಲಿ ಮುಖವನ್ನು ಮುಟ್ಟಿ, ಬೆಳಕಿನ ಗುರುತನ್ನು ಸ್ವಲ್ಪ ಕೆಳಕ್ಕೆಳೆದರೆ ಬಿಳಿಚಿದ ಮುಖ ಸರಿಹೋಗುತ್ತದೆ. ಮೊದಲು ಮಸೂರವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿಕೊಳ್ಳಿರಿ. ಬೆರಳಿನ ಜಿಡ್ಡಿನಿಂದಲೇ ಅನೇಕ ರಾತ್ರಿ ಚಿತ್ರಗಳು ಮಂಜಾಗುತ್ತವೆ.

ಹಳೆಯ ಚಿತ್ರಗಳ ನಕಲು

ಸಂಚಿಕೆಗೆ ಬಂದ ಹಳೆಯ ಗುಂಪು ಚಿತ್ರಗಳ ನಕಲುಗಳಲ್ಲಿ ಒಂದರ ನಡುವೆ ದೊಡ್ಡ ಬಿಳಿ ಬೊಟ್ಟು ಬಿದ್ದಿತ್ತು. ಗೋಡೆಯಲ್ಲಿ ತೂಗುಹಾಕಿದ ಗಾಜಿನ ಚೌಕಟ್ಟಿಗೆ ಎದುರಿನಿಂದ ಫ್ಲ್ಯಾಶ್ ಹೊಡೆದುದರ ಫಲ ಅದು. ಆ ಬೊಟ್ಟಿನಡಿಯಲ್ಲಿ ನಾಲ್ಕು ಮಕ್ಕಳ ಮುಖಗಳು ಮುಚ್ಚಿಹೋಗಿದ್ದವು. ಚೌಕಟ್ಟನ್ನು ಇಳಿಸಿ, ಸಾಧ್ಯವಾದರೆ ಗಾಜನ್ನು ತೆಗೆದು, ನೇರ ಬಿಸಿಲು ಬೀಳದ ಜಗಲಿಯಲ್ಲಿ ಮಲಗಿಸಿರಿ. ಫ್ಲ್ಯಾಶ್ ಆರಿಸಿ, ಕ್ಯಾಮರಾವನ್ನು ಚಿತ್ರಕ್ಕೆ ಸಮಾನಾಂತರವಾಗಿ ಹಿಡಿದು ತೆಗೆಯಿರಿ. ಗಾಜನ್ನು ತೆಗೆಯಲಾಗದಿದ್ದರೆ ನೀವು ಕಪ್ಪು ಬಟ್ಟೆಯ ಮರೆಯಲ್ಲಿ ನಿಂತರೆ ನಿಮ್ಮ ಪ್ರತಿಬಿಂಬ ಬೀಳದು.

ಮನೆಗೆಲಸ

ಪಾಠದ ಕೊನೆಗೆ ಅಭ್ಯಾಸ ಕೊಡದೆ ಇರುವುದು ನನ್ನಿಂದಾಗದು.

1. ಕತ್ತಲಾದ ಮೇಲೆ ಅಂಗಳದಲ್ಲಿ 2, 4, 8 ಮೀಟರ್ ದೂರದಲ್ಲಿ ಮೂರು ಕುರ್ಚಿಗಳನ್ನಿಟ್ಟು ಫ್ಲ್ಯಾಶ್ ಹಾಕಿ ಒಂದೇ ಚಿತ್ರ ತೆಗೆಯಿರಿ. ದೂರದ ಲೆಕ್ಕ ಕಣ್ಣಿಗೆ ಕಾಣುತ್ತದೆ.
2. ಒಂದೇ ಹಣತೆಯ ಚಿತ್ರವನ್ನು ಐಎಸ್‌ಒ 400, 1600, 6400ರಲ್ಲಿ ತೆಗೆದು ಕಾಳುಗಳನ್ನು ಹೋಲಿಸಿರಿ.
3. ನಡೆಯುವ ಮಗುವನ್ನು 1/15, 1/60, 1/250ರಲ್ಲಿ ತೆಗೆದು ಎಲ್ಲಿ ಅಲುಗಾಟ ನಿಲ್ಲುತ್ತದೆ ನೋಡಿರಿ.
4. ಮನೆಯ ಅತಿ ಹಳೆಯ ಚಿತ್ರವೊಂದನ್ನು ಜಗಲಿಯ ಬೆಳಕಿನಲ್ಲಿ ನಕಲು ಮಾಡಿ, ಅದರಲ್ಲಿರುವವರ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದಿಡಿರಿ.

ಕೊನೆಯ ಮಾತು

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಪ್ರತಿಯೊಂದು ಕನ್ನಡ ಶಾಲೆಯೂ ತಾನು ಇದ್ದೇನೆಂದು ಕಾಗದದಲ್ಲಿ ತೋರಿಸುತ್ತಲೇ ಬರಬೇಕಾಗಿದೆ. ಹಾಜರಿ ಪುಸ್ತಕ ಎಷ್ಟು ಮಕ್ಕಳೆಂಬುದನ್ನು ಹೇಳುತ್ತದೆ. ಆ ಮಕ್ಕಳು ಕನ್ನಡದಲ್ಲಿ ಹಾಡಿದರು, ಕುಣಿದರು, ನಕ್ಕರೆಂಬುದನ್ನು ಚಿತ್ರಗಳು ಹೇಳಬೇಕು. ಆದುದರಿಂದ ತೆಗೆದ ಚಿತ್ರಗಳನ್ನು ಫೋನಿನೊಳಗೇ ಬಿಡದೆ ಎರಡು ಕಡೆ ನಕಲಿಸಿ, ವರ್ಷ, ಪ್ರಸಂಗ, ಹೆಸರುಗಳನ್ನು ಬರೆದು ಒಂದು ಪ್ರತಿಯನ್ನು ಶಾಲೆಗೆ ಒಪ್ಪಿಸಬೇಕಾಗಿ ಪ್ರಾರ್ಥಿಸುತ್ತೇನೆ.

ಸುವರ್ಣ ಮಹೋತ್ಸವದ ಸಮಾರೋಪದ ರಾತ್ರಿ ಮಕ್ಕಳಿಂದ ಮತ್ತೆ 'ಜಟಾಯು ಮೋಕ್ಷ'ವಿದೆ. ಅವರಿಗೆ ಕಲಿಸುತ್ತಿರುವವನು 2005ರಲ್ಲಿ ಜ್ವರ ಬಂದು ಮಲಗಿದ್ದ ಆ ಹುಡುಗನೇ. ನಾನು ರಂಗದ ಎಡ ಮಗ್ಗುಲಿನಲ್ಲಿ, ಮದ್ದಳೆಯವರಿಗೆ ಅಡ್ಡವಾಗದಂತೆ, ಫ್ಲ್ಯಾಶ್ ಆರಿಸಿಕೊಂಡು ಕುಳಿತಿರುತ್ತೇನೆ. ಕ್ಯಾಮರಾ ಉಳ್ಳವರು ಬಂದು ಜೊತೆಗೂಡಿರಿ. ಒಬ್ಬನ ಚಿತ್ರ ಕೆಟ್ಟರೂ ಇನ್ನೊಬ್ಬನದು ಉಳಿದೀತು.